ಪಾತ್ರದ ವಯಸ್ಸು: ಕೋಲು, ಕೆಮ್ಮು ಬಿಟ್ಟು ಬರೆದದ್ದು

ಕಥೆಗೆ ಮುದುಕರು ಬಂದರೆ ಕೋಲು, ಕೆಮ್ಮು. ಮಕ್ಕಳು ಬಂದರೆ ತೊದಲು ಮಾತು. ಇದೆಲ್ಲ ಸುಮ್ನೆ ವೇಷ. ನಾನು ಪಾತ್ರ ಬರೆಯುವಾಗ ಕೇಳಿಕೊಳ್ಳುವುದು ಒಂದೇ: ಇವರು ಈಗ ಮನಸ್ಸಿನಲ್ಲಿ ಏನು ಲೆಕ್ಕ ಹಾಕುತ್ತಿದ್ದಾರೆ?

ಇದನ್ನು ನೋಡಿ ಕಲಿಯಲು ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆ ಅಡಿಕೆ ಸುಲಿಯುವ ಜಾಗಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎಲ್ಲ ವಯಸ್ಸಿನವರೂ ಒಂದೇ ಕೆಲಸಕ್ಕೆ ಕೂತಿರುತ್ತಾರೆ. ಹದಿನೆಂಟರ ಹುಡುಗಿ ಡಬ್ಬ ಎಷ್ಟು ತುಂಬಿತು ಅಂತ ಆಗಾಗ ಬಗ್ಗಿ ನೋಡುತ್ತಾಳೆ, ಡಬ್ಬದ ಲೆಕ್ಕದಲ್ಲಿ ಸಿಗುವ ಕೂಲಿಗೆ ಆಗಲೇ ಒಂದು ದಾರಿ ಗೊತ್ತಾಗಿದೆ. ನಲವತ್ತರವಳ ಕಣ್ಣು ಗಡಿಯಾರದ ಮೇಲೆ, ಮನೆಯಲ್ಲಿ ಹಾಲು ಕರೆಯಬೇಕು. ಅಜ್ಜಿ ಎರಡನ್ನೂ ನೋಡುವುದಿಲ್ಲ. ಕೈ ಪಾಡಿಗೆ ಕೈ ಓಡುತ್ತದೆ, ಈ ಸಲ ಯಾರ್ಯಾರು ಬಂದಿಲ್ಲ ಅಂತ ವಿಚಾರಿಸುತ್ತಾಳೆ.

ಇನ್ನೊಂದು, ಪ್ರತಿ ಪಾತ್ರಕ್ಕೂ ಹುಟ್ಟಿದ ಇಸವಿ ಬರೆದಿಡುತ್ತೇನೆ. ನಮ್ಮ ಕಡೆಯ ಊರುಗಳನ್ನು ಮುಳುಗಿಸಿದ, ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಕಥೆ ನಡೆಯುವುದು 2024ರಲ್ಲಾದರೆ ಅರವತ್ತರ ಗಂಡಸಿಗೆ ಮುಳುಗಡೆಯ ಸ್ವಂತ ನೆನಪು ಇರುವ ಹಾಗೇ ಇಲ್ಲ. ಅವನು ಹೇಳುವುದೆಲ್ಲ ಅಮ್ಮನ ಬಾಯಿಂದ ಕೇಳಿದ್ದು, ಹಾಗಾಗಿ ಅಮ್ಮನ ಮಾತಿನ ಧಾಟಿಯಲ್ಲೇ ಬರಬೇಕು. ಎಪ್ಪತ್ತು ದಾಟಿದವನಿಗೆ ನೆನಪಿದೆ, ಆದರೆ ಅದು ಹತ್ತು ವರ್ಷದ ಹುಡುಗನ ನೆನಪು. ಸಾಮಾನಿನ ಜೊತೆ ಲಾರಿ ಹತ್ತಿದ್ದು, ನಾಯಿಯನ್ನು ಬಿಟ್ಟು ಬಂದದ್ದು. ಪರಿಹಾರದ ದುಡ್ಡು, ಹೊಸ ಜಾಗದ ಕಾಗದಪತ್ರ ಅವನ ಅಪ್ಪಯ್ಯನ ತಲೆಬಿಸಿ. ಇವನ ಬಾಯಲ್ಲಿ ಅದನ್ನು ಹೇಳಿಸಿದರೆ ಸರ್ಕಾರಿ ವರದಿ ಓದಿದ ಹಾಗಿರುತ್ತದೆ.

ಬುದ್ಧಿ ಬಲಿಯುವುದು ಬೇರೆಯೇ ವಿಷಯ. ಅದು ವರ್ಷ ನೋಡಿ ಬರುವುದಿಲ್ಲ, ಒಂದೇ ಸಲ ಪೂರ್ತಿಯಾಗಿಯೂ ಬರುವುದಿಲ್ಲ. ನನ್ನ ಒಂದು ಕಥೆಯಲ್ಲಿ ಹದಿಮೂರರ ಹುಡುಗಿ ಇದ್ದಾಳೆ. ಅಮ್ಮ ಹಾಸಿಗೆ ಹಿಡಿದ ಮೇಲೆ ಮನೆ ನಡೆಸುವವಳು ಅವಳೇ. ಅಡಿಕೆ ಕೊಳ್ಳಲು ಬಂದ ಸಾಹುಕಾರರಿಗೆ ಹೇಳುತ್ತಾಳೆ: "ರಾಶಿ ಬೇರೆ, ಗೊರಬಲು ಬೇರೆ ಚೀಲ ಕಟ್ಟಿದೀವಿ. ರೇಟು ಅಪ್ಪಯ್ಯನ ಹತ್ರಾನೇ ಮಾತಾಡಿ." ರಾಶಿ, ಗೊರಬಲು ಅಂದರೆ ಅಡಿಕೆಯ ಬೇರೆ ಬೇರೆ ದರ್ಜೆ.

"ಇದು ಹದಿಮೂರರ ಮಾತಾ?" ಅಂದರು ಓದಿದ ಸ್ನೇಹಿತರು. ಮಾತು ಬದಲಿಸಲಿಲ್ಲ. ಅಂಥ ಮಕ್ಕಳನ್ನು ನಾನೇ ಜಾಸ್ತಿ ನೋಡಿದ್ದೇನೆ. ಅದರ ಕೆಳಗೆ ಎರಡು ಸಾಲು ಸೇರಿಸಿದೆ, ಅಷ್ಟೇ. ಸಾಹುಕಾರರು ಹೋಗುವಾಗ ತಮ್ಮನಿಗೆ ಕೊಡು ಅಂತ ಒಂದು ಚಾಕಲೇಟು ಕೊಡುತ್ತಾರೆ. ಅವಳು ಬಾಗಿಲ ಹಿಂದೆ ನಿಂತು ತಾನೇ ತಿನ್ನುತ್ತಾಳೆ, ಕಾಗದವನ್ನು ಒಲೆಗೆ ಹಾಕುತ್ತಾಳೆ. ಆಮೇಲೆ ಯಾರೂ ಅವಳ ವಯಸ್ಸು ಕೇಳಲಿಲ್ಲ.

ಕೊನೆಗೆ ಹೆಸರುಗಳನ್ನು ಮುಚ್ಚಿ ಬರೀ ಸಂಭಾಷಣೆ ಓದುತ್ತೇನೆ. ಯಾರದು ಯಾವ ಮಾತು ಗೊತ್ತಾಗಬೇಕು. ಬರೀ 'ಬ್ರೋ' ಅನ್ನುವುದರಿಂದಲೇ ಹುಡುಗ ಅಂತ ತಿಳಿಯುವುದಾದರೆ ಅದನ್ನು ಹೊಡೆದು ಹಾಕುತ್ತೇನೆ. ಅಂಥ ಪದ ನಾಲ್ಕು ವರ್ಷಕ್ಕೆ ಹಳಸುತ್ತದೆ. ಈಗ ಬರೆಯುತ್ತಿರುವ ಕಥೆಯಲ್ಲಿ ಇಪ್ಪತ್ತೆರಡರವನೊಬ್ಬ ಅವರಪ್ಪನ ಹಾಗೆಯೇ ಮಾತಾಡುತ್ತಿದ್ದಾನೆ. ತೋಟ ಬಿಡಿಸಿ ಬೆಂಗಳೂರು ಬಸ್ಸು ಹತ್ತಿಸಿ ನೋಡಬೇಕು.