ನಿಂತ ಕಾರಿನ ಬ್ಯಾಟರಿ: ನನ್ನ ಅನುಭವ

ಬೆಳಿಗ್ಗೆ ಆರು ಗಂಟೆಗೆ ಮಗಳನ್ನು ರೈಲಿಗೆ ಬಿಡಬೇಕಿತ್ತು. ಸ್ಟಾರ್ಟ್ ಬಟನ್ ಒತ್ತಿದೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆ ಮಿಣುಕಿದವು, ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬಂತು, ಅಷ್ಟೇ. ನಾಲ್ಕು ದಿನದ ಹಿಂದೆ ಇದೇ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗಿತ್ತು. ಬ್ಯಾಟರಿ ಹಾಕಿಸಿ ಬರೀ ಹದಿನಾಲ್ಕು ತಿಂಗಳಾಗಿತ್ತು. ಅದಕ್ಕೂ ಮುಂಚೆ, ಕಾರಿನ ಜೊತೆಗೇ ಬಂದಿದ್ದ ಬ್ಯಾಟರಿ ಎರಡೂವರೆ ವರ್ಷಕ್ಕೆ ಹೋಗಿತ್ತು.

ಗ್ಯಾರೇಜಿನವರು ಎರಡು ಸಲವೂ ಒಂದೇ ಮಾತು ಹೇಳಿದರು: "ಬ್ಯಾಟರಿ ವೀಕ್ ಆಗಿದೆ ಸಾರ್, ಚೇಂಜ್ ಮಾಡಿಬಿಡಿ." ವೀಕ್ ಆಗಿದ್ದು ನಿಜವೇ. ಆದರೆ ಯಾಕೆ ಆಯಿತು ಅಂತ ಯಾರೂ ನೋಡಲಿಲ್ಲ. ಎರಡನೇ ಸಲ ನಾನೇ ನೋಡೋಣ ಅಂತ ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಮಲ್ಟಿಮೀಟರ್ ತಂದೆ. ಆಮೇಲೆ ಮೂರು ವಾರ ಸಂಜೆ ಹೊತ್ತು ಬಾನೆಟ್ ತೆರೆದುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ನನ್ನ ಕಣ್ಣು ತೆರೆಸಿದ್ದೇ ಅದು. ಎಂಜಿನ್ ಸ್ಟಾರ್ಟ್ ಮಾಡಲು ಸೆಲ್ಫ್ ಮೋಟಾರ್ ಸುಮಾರು 200 ಆಂಪಿಯರ್ ಎಳೆಯುತ್ತದೆ. ಕೇಳಿದರೆ ಭಯವಾಗುತ್ತದೆ, ಆದರೆ ಅದು ಒಂದೇ ಸೆಕೆಂಡಿನ ಕೆಲಸ. ಲೆಕ್ಕ ಹಾಕಿದರೆ ಬ್ಯಾಟರಿಯಿಂದ ಹೋಗುವುದು 0.06 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್) ಮಾತ್ರ. ಈಗ ಲಾಕ್ ಮಾಡಿ ನಿಲ್ಲಿಸಿದ ಕಾರನ್ನು ನೋಡಿ. ಅಲಾರಂ, ಕೀ ಹುಡುಕುವ ರಿಸೀವರ್, ಕಂಪ್ಯೂಟರುಗಳ ನೆನಪು ಎಲ್ಲ ಸೇರಿ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. ಅಂದರೆ ಸುಮ್ನೆ ನಿಂತ ಒಂದು ದಿನ ಇಪ್ಪತ್ತು ಸಲ ಸ್ಟಾರ್ಟ್ ಮಾಡಿದ್ದಕ್ಕೆ ಸಮ. ನಾವು ಬ್ಯಾಟರಿ ಬಗ್ಗೆ ಯೋಚಿಸುವುದು ಕಾರು ಸ್ಟಾರ್ಟ್ ಮಾಡುವಾಗ. ಅದು ಸವೆಯುವುದು ಮಾತ್ರ ಜಾಸ್ತಿ ಕಾರು ನಿಂತಾಗ.

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ ಸೀಸ-ಆಸಿಡ್ ಬ್ಯಾಟರಿಯ ತತ್ವವೇ ಇವತ್ತಿಗೂ ನಮ್ಮ ಕಾರಿನಲ್ಲಿದೆ. ಅದರಿಂದ ನಾವು ಮಾಡಿಸಿಕೊಳ್ಳುವ ಕೆಲಸ ಮಾತ್ರ ಪೂರ್ತಿ ಬದಲಾಗಿದೆ. ಹಳೆಯ ಕಾರಿನಲ್ಲಿ ಕೀ ತೆಗೆದ ಮೇಲೆ ನಡೆಯುತ್ತಿದ್ದದ್ದು ಹೆಚ್ಚೆಂದರೆ ಒಂದು ಗಡಿಯಾರ. ಈಗಿನ ಕಾರು ಲಾಕ್ ಆದ ಮೇಲೂ ಹತ್ತು ನಿಮಿಷದಿಂದ ಅರ್ಧ ಗಂಟೆಯವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಎಚ್ಚರವಾಗಿರುತ್ತದೆ. ಆಮೇಲೆ ಒಂದೊಂದೇ ಕಂಪ್ಯೂಟರ್ ಮಲಗುತ್ತಾ ಹೋಗುತ್ತದೆ. ಯಾವುದೋ ಒಂದು ಮಲಗದೇ ಹೋದರೆ ಬ್ಯಾಟರಿಯಿಂದ ಕರೆಂಟ್ ರಾತ್ರಿಯಿಡೀ ಸೋರುತ್ತದೆ.

ನಾನು ಮೊದಲು ನೋಡಿದ್ದು ವೋಲ್ಟೇಜ್. ಕಾರು ನಿಲ್ಲಿಸಿದ ತಕ್ಷಣ ನೋಡಿದರೆ ಸುಳ್ಳು ಅಂಕಿ ಬರುತ್ತದೆ, ಆಗಷ್ಟೇ ಚಾರ್ಜ್ ಆದ ಮೇಲ್ಮೈ ವೋಲ್ಟೇಜ್ ಜಾಸ್ತಿ ತೋರಿಸುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಬೇಕು. ಸಾಮಾನ್ಯ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6ರಿಂದ 12.7 ವೋಲ್ಟ್. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಹೆಚ್ಚುಕಡಿಮೆ ಖಾಲಿ. ತುಂಬ ಜನ 12 ವೋಲ್ಟ್ ಬ್ಯಾಟರಿ 12 ತೋರಿಸಿದರೆ ಸರಿಯಾಗಿದೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನದು ಆ ದಿನ 11.7 ಇತ್ತು.

ಆಮೇಲೆ ಸೋರಿಕೆ ಅಳೆಯುವ ಕೆಲಸ. ಇದಕ್ಕೆ ತಾಳ್ಮೆ ಬೇಕು. ಬಾನೆಟ್ ತೆರೆದಿದ್ದರೆ ಕೆಲವು ಕಾರುಗಳು ಮಲಗುವುದಿಲ್ಲ. ಅದಕ್ಕೆ ಬಾನೆಟ್ಟಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಮುಚ್ಚಿದೆ ಅಂತ ಕಾರಿಗೆ ಅನಿಸುವ ಹಾಗೆ ಮಾಡಿದೆ. ಕೀಯನ್ನು ಒಳಗಿನ ಕೋಣೆಯಲ್ಲಿಟ್ಟೆ. ನೆಗೆಟಿವ್ ಕೇಬಲ್ ತೆಗೆದು, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಜೋಡಿಸಿದೆ. ಕೇಬಲ್ ತೆಗೆದು ಹಾಕಿದ ಕೂಡಲೇ ಎಲ್ಲ ಕಂಪ್ಯೂಟರುಗಳೂ ಮತ್ತೆ ಏಳುತ್ತವೆ, ಆದ್ದರಿಂದ ಮತ್ತೆ ಮುಕ್ಕಾಲು ಗಂಟೆ ಕಾಯಬೇಕು. ಈ ಸ್ಥಿತಿಯಲ್ಲಿ ಇಗ್ನಿಷನ್ ಹಾಕಬಾರದು, ಸ್ಟಾರ್ಟ್ ಅಂತೂ ಮಾಡಲೇಬಾರದು, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಕೇಬಲ್ಲಿನ ಸುತ್ತ ಹಿಡಿಯುವ ಡಿಸಿ ಕ್ಲ್ಯಾಂಪ್ ಮೀಟರ್ ಇದ್ದರೆ ಇಷ್ಟೆಲ್ಲ ಬಿಚ್ಚುವ ಗೋಜೇ ಇಲ್ಲ. ಆದರೆ ಅದು ಮಿಲಿಆಂಪಿಯರ್ ಮಟ್ಟದಲ್ಲಿ ಸರಿಯಾಗಿ ಅಳೆಯುವಂಥದ್ದಾಗಿರಬೇಕು.

ಮುಕ್ಕಾಲು ಗಂಟೆಯ ನಂತರವೂ ಮೀಟರ್ 0.38 ಆಂಪಿಯರಿನಲ್ಲಿ ನಿಂತಿತ್ತು. ಮಲಗಿದ ಕಾರಿಗೆ 0.02ರಿಂದ 0.05 ಸಹಜ. ನನ್ನದು ಅದರ ಏಳೆಂಟು ಪಟ್ಟು. ದಿನಕ್ಕೆ ಒಂಬತ್ತು ಆಂಪಿಯರ್-ಅವರ್! ನನ್ನ 60 ಆಂಪಿಯರ್-ಅವರ್ ಬ್ಯಾಟರಿ ತುಂಬಿದ್ದರೂ ಮೂರು ದಿನಕ್ಕೆ ಹತ್ತಿರ ಹತ್ತಿರ ಅರ್ಧ ಖಾಲಿ.

ಯಾರು ಎಳೆಯುತ್ತಿದ್ದಾರೆ ಅಂತ ಹುಡುಕಲು ಫ್ಯೂಸ್‌ಗಳನ್ನು ಕೀಳಲಿಲ್ಲ. ಕಿತ್ತು ಹಾಕಿದರೆ ಕಂಪ್ಯೂಟರ್ ಮತ್ತೆ ಏಳುತ್ತದೆ, ಅಳತೆ ಕೆಡುತ್ತದೆ. ಪ್ರತಿ ಫ್ಯೂಸಿನ ತಲೆಯಲ್ಲೂ ಎರಡು ಸಣ್ಣ ಲೋಹದ ಚುಕ್ಕಿ ಇರುತ್ತವೆ. ಅವೆರಡರ ಮೇಲೆ ಮೀಟರಿನ ಕಡ್ಡಿ ಇಟ್ಟು ಮಿಲಿವೋಲ್ಟ್ ನೋಡಿದೆ. ಸೊನ್ನೆ ಇದ್ದರೆ ಅಲ್ಲಿ ಕರೆಂಟ್ ಹರಿಯುತ್ತಿಲ್ಲ. ಚೂರು ಇದ್ದರೂ ಅಲ್ಲಿ ಏನೋ ಎಚ್ಚರವಾಗಿದೆ. ಡ್ಯಾಶ್‌ಕ್ಯಾಮ್ (ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ) ಜೋಡಿಸಿದ್ದ ಫ್ಯೂಸಿನಲ್ಲಿ ಸಿಕ್ಕಿತು. ಕಾರು ಕೊಂಡ ಮೊದಲ ತಿಂಗಳಲ್ಲೇ ಹಾಕಿಸಿದ್ದೆ, ನಿಂತಾಗಲೂ ರೆಕಾರ್ಡ್ ಮಾಡುವ ಪಾರ್ಕಿಂಗ್ ಮೋಡ್ ಇಟ್ಟು. ಅದೊಂದೇ 280 ಮಿಲಿಆಂಪಿಯರ್ ಎಳೆಯುತ್ತಿತ್ತು. ಬ್ಯಾಟರಿ ಇಳಿದಾಗ ತಾನೇ ಆಫ್ ಆಗುತ್ತದೆ ಅಂತ ನಂಬಿದ್ದೆ. ಸೆಟ್ಟಿಂಗ್ ತೆರೆದು ನೋಡಿದರೆ ಆಫ್ ಆಗುವ ಮಿತಿ 11.6 ವೋಲ್ಟ್! ಬ್ಯಾಟರಿ ಖಾಲಿಯಾದ ಮೇಲೆ ಆಫ್ ಆಗಿ ಏನು ಪ್ರಯೋಜನ, ಅಲ್ವಾ?

ಇನ್ನೊಂದು, ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್) ಚುಚ್ಚಿಟ್ಟು ಮರೆತಿದ್ದ ಬ್ಲೂಟೂತ್ ಡಾಂಗಲ್. ಮೈಲೇಜ್ ನೋಡಲು ಒಂದು ವಾರ ಬಳಸಿ ಅಲ್ಲೇ ಬಿಟ್ಟಿದ್ದೆ. ಅದು 65 ಮಿಲಿಆಂಪಿಯರ್. ಕೆಲವು ಕಾರುಗಳಲ್ಲಿ ಇಂಥ ಡಾಂಗಲ್ ಕಂಪ್ಯೂಟರುಗಳನ್ನು ಮಲಗಲೂ ಬಿಡುವುದಿಲ್ಲ. ಎರಡನ್ನೂ ತೆಗೆದ ಮೇಲೆ ಮೀಟರ್ 0.035ಕ್ಕೆ ಇಳಿಯಿತು. ಆ ಸಂಜೆಯ ಸಮಾಧಾನ ಇವತ್ತಿಗೂ ನೆನಪಿದೆ. ಡ್ಯಾಶ್‌ಕ್ಯಾಮನ್ನು ಈಗ ಇಗ್ನಿಷನ್ ಹಾಕಿದಾಗ ಮಾತ್ರ ನಡೆಯುವ ಫ್ಯೂಸಿಗೆ ಬದಲಾಯಿಸಿದ್ದೇನೆ. ನಿಂತಾಗಲೂ ರೆಕಾರ್ಡ್ ಬೇಕೇ ಬೇಕು ಅನ್ನುವವರು ಮಿತಿಯನ್ನು 12.2ಕ್ಕಾದರೂ ಏರಿಸಿ, ಎರಡು ಮೂರು ಗಂಟೆಯ ಟೈಮರ್ ಇಡಿ.

ಕೀ ವಿಷಯ ಚಿಕ್ಕದು, ಆದರೂ ಹೇಳುತ್ತೇನೆ. ನಮ್ಮ ಕೀ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು, ಗೋಡೆಯ ಆಚೆ ಕಾರು. ಜೇಬಿನಲ್ಲಿಟ್ಟುಕೊಂಡೇ ಬಾಗಿಲು ತೆರೆಯುವ ಕೀ ಹೀಗೆ ಹತ್ತಿರ ಇದ್ದರೆ ಕೆಲವು ಕಾರುಗಳು ಪದೇ ಪದೇ ಎಚ್ಚರಗೊಳ್ಳುತ್ತವೆ. ಈಗ ಕೀ ಒಳಗಿನ ಕಪಾಟಿನಲ್ಲಿದೆ.

ಸೋರಿಕೆ ನಿಂತಿತು. ಆದರೂ ಬ್ಯಾಟರಿ ಚೇತರಿಸಿಕೊಳ್ಳಲಿಲ್ಲ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿ ಅದು. ಒಳಗೆ ಏನಾಗುತ್ತದೆ ಅಂದರೆ, ಚಾರ್ಜ್ ಇಳಿದಾಗ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆಮೇಲೆ ಅಷ್ಟು ಜಾಗ ಕೆಲಸಕ್ಕೆ ಬಾರದು. ಅದಕ್ಕೇ ಜಂಪ್ ಸ್ಟಾರ್ಟ್ ಮಾಡಿ (ಇನ್ನೊಂದು ಬ್ಯಾಟರಿಗೆ ಜೋಡಿಸಿ ಸ್ಟಾರ್ಟ್ ಮಾಡಿ) ಅರ್ಧ ಗಂಟೆ ಓಡಿಸಿದರೆ ಸರಿಹೋಯಿತು ಅನ್ನುವುದು ತಪ್ಪು. ಖಾಲಿ ಬ್ಯಾಟರಿ ತುಂಬಲು ಗಂಟೆಗಟ್ಟಲೆ ಬೇಕು. ಅದರಲ್ಲೂ ಕೊನೆಯ ಭಾಗ ಬಹಳ ನಿಧಾನ. ಎಂಜಿನ್ ಹಾಗೇ ಆನ್ ಮಾಡಿ ನಿಂತಲ್ಲೇ ಬಿಡುವುದರಿಂದ ಇನ್ನೂ ಕಡಿಮೆ ಲಾಭ. ಜೀವ ಬರಿಸುತ್ತೇವೆ ಅಂತ ಮಾರುವ ಪುಡಿ, ದ್ರಾವಣಗಳಿಗೆ ನಾನು ದುಡ್ಡು ಹಾಕಲಿಲ್ಲ.

ಮೂರನೇ ಬ್ಯಾಟರಿ ಕೊಳ್ಳುವ ಮುಂಚೆ ಕಾರಿನ ಪುಸ್ತಕ ಓದಿದೆ. ನನ್ನದು ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರು. ಇಂಥ ಕಾರಿಗೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವಂತೆ ಮಾಡಿದ ಇಎಫ್‌ಬಿ ಅಥವಾ ಎಜಿಎಂ ಬಗೆಯ ಸೀಸ-ಆಸಿಡ್ ಬ್ಯಾಟರಿಯೇ ಆಗಬೇಕು. ನನ್ನ ಕಾರಿಗೆ ಕಂಪನಿ ಹಾಕಿದ್ದು ಎಜಿಎಂ, ಎರಡನೇ ಬ್ಯಾಟರಿಯಾಗಿ ಗ್ಯಾರೇಜಿನವರು ಹಾಕಿದ್ದು ಅದೇ ಅಳತೆಯ ಸಾಮಾನ್ಯ ಬ್ಯಾಟರಿ. ಮೇಲ್ನೋಟಕ್ಕೆ ಒಂದೇ ಥರ, ಟರ್ಮಿನಲ್ ಕೂಡ ಒಂದೇ ಕಡೆ. ಆದರೆ ಚಾರ್ಜ್ ಪದೇ ಪದೇ ಅಷ್ಟಷ್ಟು ಇಳಿದು ಏರುವುದನ್ನು ಅದು ತಾಳಿಕೊಳ್ಳುವುದಿಲ್ಲ. ಬ್ಯಾಟರಿಯ ಸುತ್ತ ಇದ್ದ ಕಪ್ಪು ಬಟ್ಟೆಯ ಹೊದಿಕೆಯನ್ನೂ ಅವರು ವಾಪಸ್ ಹಾಕಿರಲಿಲ್ಲ. ಅದು ಅಂದಕ್ಕಲ್ಲ, ಎಂಜಿನ್ ಬಿಸಿಯಿಂದ ಕಾಪಾಡಲು. ಚಳಿಯಲ್ಲಿ ಬ್ಯಾಟರಿ ಕೈಕೊಡುತ್ತದೆ ನಿಜ, ಆದರೆ ಅದನ್ನು ಒಳಗಿಂದ ತಿನ್ನುವುದು ಬಿಸಿ. ಹತ್ತು ಡಿಗ್ರಿ ಬಿಸಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕಸುಬಿನವರ ಹಳೆಯ ಲೆಕ್ಕ. ಹೊದಿಕೆ ಹೊಸದು ತಂದು ಹಾಕಿದೆ. ನೆರಳು ಸಿಕ್ಕರೆ ಸ್ವಲ್ಪ ದೂರ ನಡೆಯಬೇಕಾದರೂ ಅಲ್ಲೇ ನಿಲ್ಲಿಸುತ್ತೇನೆ.

ಬ್ಯಾಟರಿಯನ್ನು ಬಿಗಿಯುವ ಕ್ಲ್ಯಾಂಪ್ ಕೂಡ ಅಲುಗಾಡುತ್ತಿತ್ತು. ಅಲುಗಿದರೆ ಒಳಗಿನ ಫಲಕಗಳ ಮೇಲಿನ ಪದಾರ್ಥ ಉದುರುತ್ತದೆ. ಒಂದು ನಿಮಿಷದ ಕೆಲಸ, ಬಿಗಿದೆ. ಇನ್ನು ಹೊಸ ಬ್ಯಾಟರಿ ಬಂದಿದೆ ಅಂತ ಕೆಲವು ಕಾರುಗಳ ಕಂಪ್ಯೂಟರಿಗೆ ಗ್ಯಾರೇಜಿನ ಸ್ಕ್ಯಾನರ್ ಜೋಡಿಸಿ ಹೇಳಬೇಕು. ಹೇಳದಿದ್ದರೆ ಹಳೆಯ, ಸವೆದ ಬ್ಯಾಟರಿ ಅಂದುಕೊಂಡೇ ಚಾರ್ಜ್ ಮಾಡುತ್ತಾ ಹೋಗುತ್ತದೆ. ನನ್ನ ಕಾರಿಗೆ ಇದು ಬೇಕಿತ್ತು, ಕೇಳಿ ಮಾಡಿಸಿಕೊಂಡೆ.

ಹೊಸ ಬ್ಯಾಟರಿ ಹಾಕಿದ ಮೇಲೆ ಇನ್ನೊಂದು ಗಾಬರಿ. ಲೈಟರ್ ಸಾಕೆಟ್ಟಿಗೆ ಒಂದು ಪುಟ್ಟ ವೋಲ್ಟ್ ಮೀಟರ್ ಹಾಕಿಕೊಂಡು ಓಡಿಸಿದೆ. ಸ್ಟಾರ್ಟ್ ಆದ ಕೂಡಲೇ 14.5. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ 12.8ಕ್ಕೆ ಇಳಿಯಿತು. ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಯಿತು ಅಂದುಕೊಂಡೆ. ಆಕ್ಸಲರೇಟರಿನಿಂದ ಕಾಲು ತೆಗೆದ ತಕ್ಷಣ 14.8ಕ್ಕೆ ಹಾರಿತು. ಕೆಟ್ಟದ್ದೇನೂ ಇರಲಿಲ್ಲ, ಅದರ ವಿನ್ಯಾಸವೇ ಹಾಗೆ. ಪೆಟ್ರೋಲ್ ಉಳಿಸಲು ಇಂಥ ಕಾರು ಬ್ಯಾಟರಿಯನ್ನು ಪೂರ್ತಿ ತುಂಬುವುದೇ ಇಲ್ಲ. ಸುಮಾರು 80 ಶೇಕಡಾದಲ್ಲಿ ಇಟ್ಟು, ವೇಗ ತಗ್ಗುವಾಗ ಪುಕ್ಕಟೆ ಸಿಗುವ ಕರೆಂಟಿಗೆ ಜಾಗ ಬಿಟ್ಟಿರುತ್ತದೆ. ಪೆಟ್ರೋಲಿಗೆ ಒಳ್ಳೆಯದು, ಬ್ಯಾಟರಿಗೆ ಅಲ್ಲ. ನನ್ನ ಹಾಗೆ ದಿನಕ್ಕೆ ನಾಲ್ಕು ಕಿಲೋಮೀಟರ್ ಓಡಿಸುವವರ ಕಾರಿನಲ್ಲಿ ಅದು 80ಕ್ಕೂ ಏರುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದೇ: ತಿಂಗಳಿಗೊಂದು ರಾತ್ರಿ ಚಾರ್ಜರ್. ಎಜಿಎಂ ಮೋಡ್ ಇರುವ, ತುಂಬಿದ ಮೇಲೆ ತಾನೇ ತಗ್ಗುವ 5 ಆಂಪಿಯರ್ ಚಾರ್ಜರ್ ತಂದೆ. ಕೆಂಪು ಕ್ಲಿಪ್ ಪಾಸಿಟಿವ್ ಟರ್ಮಿನಲ್ಲಿಗೆ. ಕಪ್ಪು ಕ್ಲಿಪ್ಪನ್ನು ಮಾತ್ರ ನೆಗೆಟಿವ್ ಟರ್ಮಿನಲ್ಲಿಗೆ ಹಾಕುವುದಿಲ್ಲ, ಎಂಜಿನ್ ಅಥವಾ ಬಾಡಿಯ ಅರ್ತ್ ಬೋಲ್ಟಿಗೆ ಹಾಕುತ್ತೇನೆ. ಯಾಕಂದರೆ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ, ಒಳಗೆ ಹೋದ ಹೊರಗೆ ಬಂದ ಕರೆಂಟನ್ನೆಲ್ಲ ಅದು ಎಣಿಸುತ್ತದೆ. ನೇರ ಟರ್ಮಿನಲ್ಲಿಗೆ ಹಾಕಿದರೆ ನಾವು ತುಂಬಿದ ಚಾರ್ಜ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರಬಹುದು, ಗಾಳಿಯಾಡುವ ಜಾಗದಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಮೊದಲ ಸಲ ಹಾಕಿದ ಮೇಲೆ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ಎಷ್ಟೋ ದಿನದಿಂದ ನಿಂತೇಹೋಗಿದ್ದ ಸಿಗ್ನಲ್ಲಿನ ಆಟೋ ಸ್ಟಾಪ್ ಮಾರನೇ ದಿನ ತಾನಾಗಿ ಕೆಲಸ ಮಾಡಿತು. ಅದು ಕೆಲಸ ಮಾಡದಿದ್ದರೆ ಬ್ಯಾಟರಿ ಹಸಿದಿರಬಹುದು ಅಂತ ನಾನೀಗ ಮೊದಲು ಅನುಮಾನಿಸುತ್ತೇನೆ.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತರೆ ಅಡುಗೆ ಸೋಡಾ ನೀರಿನಲ್ಲಿ ಕಲಸಿ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಬಿಗಿದು, ತೆಳ್ಳಗೆ ವ್ಯಾಸಲೀನ್ ಹಚ್ಚುತ್ತೇನೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಎಲೆಕ್ಟ್ರಿಕ್ ಕಾರಿನವರಿಗೆ ಇದೆಲ್ಲ ಬೇಡ ಅಂದುಕೊಳ್ಳಬೇಡಿ. ಗೆಳೆಯನೊಬ್ಬನ ಕಾರು ಒಂದು ದಿನ ಬಾಗಿಲೇ ತೆರೆಯಲಿಲ್ಲ. ದೊಡ್ಡ ಬ್ಯಾಟರಿ 70 ಶೇಕಡಾ ತುಂಬಿತ್ತು. ಸತ್ತಿದ್ದು ಪುಟ್ಟ 12 ವೋಲ್ಟ್ ಬ್ಯಾಟರಿ. ದೊಡ್ಡದನ್ನು ಕಾರಿಗೆ ಜೋಡಿಸುವ ಸ್ವಿಚ್‌ಗಳನ್ನು ಎಬ್ಬಿಸುವುದು ಆ ಚಿಕ್ಕದೇ. ಮೀಟರ್ ಹಿಡಿದುಕೊಂಡು ನಾನೇ ಹೋಗಿದ್ದೆ.

ಮೂರನೇ ಬ್ಯಾಟರಿಗೆ ಈಗ ಐದನೇ ವರ್ಷ. ಕಳೆದ ತಿಂಗಳು ನಾವೆಲ್ಲ ಹದಿನೈದು ದಿನ ಹೊರಗಿದ್ದೆವು, ಕಾರು ಹಾಗೇ ನಿಂತಿತ್ತು. ಬಂದ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ತೆರೆದು ಅಳೆದೆ. 12.53. ಬಟನ್ ಒತ್ತಿದೆ, ಒಂದೇ ಸಲಕ್ಕೆ ಹೊತ್ತಿಕೊಂಡಿತು. ಮಗಳನ್ನು ರೈಲಿಗೆ ಬಿಟ್ಟು ಬಂದು, ರಾತ್ರಿ ಚಾರ್ಜರ್ ಹಾಕಿಟ್ಟೆ.