ಮಾವಿನಕಾಯಿ ಬಿಡದೆ ಹಲ್ಲು ಜುಮ್ ಅನ್ನುವುದನ್ನು ನಾನು ಹತೋಟಿಗೆ ತಂದದ್ದು

ಶ್ರೀನಿವಾಸಪುರದಲ್ಲಿ ತೋಪು ಇಟ್ಟುಕೊಂಡಿರುವವರಿಗೆ ಹುಳಿ ಬಿಡಿ ಅಂದರೆ ಆಗುತ್ತದಾ? ಸೀಸನ್ ಬಂದರೆ ನಮ್ಮ ಮನೆಯಲ್ಲಿ ಚಿತ್ರಾನ್ನಕ್ಕೂ ಮಾವಿನಕಾಯಿ, ಸಂಜೆ ಉಪ್ಪು ಖಾರದ ಪುಡಿ ಹಚ್ಚಿಕೊಂಡು ತಿನ್ನುವುದಕ್ಕೂ ತೋತಾಪುರಿ. ನನಗೆ ಫ್ರಿಜ್ ನೀರು ಕುಡಿದರೆ, ಬೆಳಗ್ಗೆ ಬೈಕಲ್ಲಿ ಹೋಗುವಾಗ ಗಾಳಿ ತಾಗಿದರೂ ಹಲ್ಲು ಚುಳ್ ಅನ್ನುತ್ತಿತ್ತು. ಈಗ ಆ ಕಾಟ ತುಂಬಾ ಕಡಿಮೆ, ಮಾವಿನಕಾಯಿ ಮಾತ್ರ ಬಿಟ್ಟಿಲ್ಲ. ತಿನ್ನುವ ಹೊತ್ತು, ಹಲ್ಲುಜ್ಜುವ ಹೊತ್ತು ಬದಲಿಸಿಕೊಂಡೆ, ಮುಖ್ಯವಾಗಿ ಅಷ್ಟೇ.

ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು ತೋರಿಸಿದರು, ಕೋರೆಹಲ್ಲಿನ ಬುಡದಲ್ಲಿ ವಸಡು ಸರಿದಿತ್ತು. ಅಲ್ಲಿ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರದ ಕಾವಲು ಇರುವುದಿಲ್ಲ, ಒಳಗಿನ ಡೆಂಟಿನ್ ಬಯಲಾಗುತ್ತದೆ. ಅದರ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಅವುಗಳಲ್ಲಿ ದ್ರವ. ತಣ್ಣಗಿನದು ತಾಗಿದಾಗ ಆ ದ್ರವ ಅಲುಗಾಡಿ ನರಕ್ಕೆ ಸುದ್ದಿ ಮುಟ್ಟುತ್ತದೆ. ಹುಳಿಯದು ಇನ್ನೊಂದು ಕಥೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್‌ನ ಮೇಲ್ಪದರ ಮೆತ್ತಗಾಗುತ್ತದೆ, ಆ ಹೊತ್ತಿನಲ್ಲೇ ಬ್ರಷ್ ಹಿಡಿದರೆ ಸವೆತ ಜಾಸ್ತಿ. ಸುಮ್ನೆ ಬಿಟ್ಟರೆ ಎಂಜಲೇ ಅದನ್ನು ನಿಧಾನಕ್ಕೆ ಗಟ್ಟಿ ಮಾಡುತ್ತದೆ.

ಅದಕ್ಕೇ ನಾನು ಕಾಯಿಯನ್ನು ಊಟದ ಜೊತೆಗೇ ತಿಂದು ಮುಗಿಸುತ್ತೇನೆ. ಸಂಜೆಯೆಲ್ಲಾ ಒಂದೊಂದೇ ಹೋಳು ಬಾಯಿಗೆ ಹಾಕಿಕೊಂಡಿದ್ದರೆ ಹಲ್ಲಿಗೆ ಸುಧಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ, ಅಲ್ವಾ? ತಿಂದ ಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಒಂದು ಗಂಟೆಯಾದರೂ ಬಿಟ್ಟು ಬ್ರಷ್ ಮಾಡುತ್ತೇನೆ. ಬ್ರಷ್ ಸಾಫ್ಟ್ ಇರಬೇಕು, ಪೆನ್ನು ಹಿಡಿದ ಹಾಗೆ ಹಿಡಿದರೆ ಒತ್ತಡ ತಾನಾಗೇ ಕಡಿಮೆಯಾಗುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ತರಿತರಿ ಹಲ್ಲುಪುಡಿ ಬೇಡವೇ ಬೇಡ.

ಪೇಸ್ಟು 5% ಪೊಟ್ಯಾಸಿಯಂ ನೈಟ್ರೇಟ್ ಇರುವುದು. ಇದು ನರವನ್ನು ಶಾಂತ ಮಾಡುತ್ತದೆ, ಆದರೆ ಒಂದೇ ದಿನಕ್ಕೆ ಅಲ್ಲ, ಎರಡರಿಂದ ನಾಲ್ಕು ವಾರ ದಿನಾ ಎರಡು ಹೊತ್ತು ಹಾಕಬೇಕು. ಎಷ್ಟೋ ಜನ ಮೂರೇ ದಿನಕ್ಕೆ ಕೆಲಸ ಮಾಡಲಿಲ್ಲ ಅಂತ ಮೂಲೆಗೆ ಎಸೆಯುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿ ಉಜ್ಜಿ ನೊರೆ ಉಗುಳಿ ಸುಮ್ಮನಾಗಿಬಿಡಿ; ನೀರು ಹಾಕಿ ತೊಳೆದುಬಿಟ್ಟರೆ ಪೇಸ್ಟಿನ ಸತ್ವವೂ ಹೋಗುತ್ತದೆ.

ನಮ್ಮ ಕೋಲಾರದ ಕಡೆ ಒಂದು ಅನುಮಾನ ಯಾವಾಗಲೂ ಬರುತ್ತದೆ: ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ, ಮತ್ತೆ ಹಲ್ಲು ಗಟ್ಟಿ ಮಾಡಲು ಅಂತ ಫ್ಲೋರೈಡ್ ಹಾಕಿದ ಪೇಸ್ಟ್ ಯಾಕೆ ಅಂತ. ಹಲ್ಲಿನ ಮೇಲೆ ಬಿಳಿ, ಕಂದು ಮಚ್ಚೆ ಬೀಳುವುದು ಚಿಕ್ಕವಯಸ್ಸಿನಲ್ಲಿ, ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗ ಅಂಥ ನೀರು ಹೊಟ್ಟೆಗೆ ಹೋಗುವುದರಿಂದ. ದೊಡ್ಡವರು ಪೇಸ್ಟ್ ಉಗುಳುತ್ತೇವೆ, ಹಾಗಾಗಿ ಆ ಭಯ ಬೇಡ. ಪೇಸ್ಟ್ ನುಂಗುವ ಮಕ್ಕಳ ವಿಷಯದಲ್ಲಿ ಮಾತ್ರ ಹುಷಾರು, ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು ಸಾಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಅನ್ನುವುದು ಕೊನೆಯ ಮಿತಿ, ಆದ್ದರಿಂದ ನಾವು ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದ ಕ್ಯಾನೇ ತರುತ್ತೇವೆ.

ಇಷ್ಟೆಲ್ಲಾ ಮಾಡಿದರೂ ನನ್ನ ಒಂದು ದವಡೆ ಹಲ್ಲು ಮಾತ್ರ ಬೇರೆ ಥರ ನೋಯುತ್ತಿತ್ತು. ಬಿಸಿ ಕಾಫಿ ಕುಡಿದು ಲೋಟ ಇಟ್ಟ ಮೇಲೂ ನೋವು ನಿಲ್ಲುತ್ತಿರಲಿಲ್ಲ. ನೋಡಿಸಿದರೆ ಹುಳುಕು, ಫಿಲ್ಲಿಂಗ್ ಮಾಡಿಸಿದೆ. ತಣ್ಣಗಿನದಕ್ಕೆ ಚುಳ್ ಅಂದು ತಕ್ಷಣ ಹೋಗುವುದು ಬೇರೆ, ಹೀಗೆ ಉಳಿಯುವ ನೋವು ಬೇರೆ. ರಾತ್ರಿ ತಾನಾಗೇ ನೋವು ಬಂದರೆ, ಅಥವಾ ಕಚ್ಚಿದಾಗ ಒಂದೇ ಹಲ್ಲು ನೋಯುತ್ತಿದ್ದರೆ ಪೇಸ್ಟ್ ಹಚ್ಚುತ್ತಾ ಕಾಯಬೇಡಿ, ಡಾಕ್ಟರಿಗೆ ತೋರಿಸಿ.