ಕೊಡಗಿನಲ್ಲಿ ಪ್ರಚಾರದ ಕೆಲಸಕ್ಕೆ ಇಳಿಯುವವರು ಮೊದಲು ತಿಳಿಯಬೇಕಾದದ್ದು

ಕುಶಾಲನಗರದಲ್ಲಿ ಕಾಫಿಪುಡಿ ಬ್ರ್ಯಾಂಡ್ ಶುರು ಮಾಡಿದವರಿರಲಿ, ಕಕ್ಕಬ್ಬೆಯಲ್ಲಿ ಹೋಂಸ್ಟೇ ನಡೆಸುವವರಿರಲಿ, ಊರಿನ ನಾಟಕ ತಂಡದವರಿರಲಿ, ನೀವು ಪ್ರಚಾರದ ಕೆಲಸ ಮಾಡುತ್ತೀರಿ ಅಂತ ಗೊತ್ತಾದ ಕೂಡಲೇ ಕೇಳುವುದು ಒಂದೇ ಮಾತು: "ಪೇಪರ್‌ನಲ್ಲಿ ಹಾಕಿಸಿಕೊಡ್ತೀರಾ?" ಇದಕ್ಕೆ ಹೂಂ ಅನ್ನಬೇಡಿ. ದುಡ್ಡು ಕೊಟ್ಟು ಹಾಕಿಸುವುದು ಜಾಹೀರಾತು. ಅದಕ್ಕೆ ಜಾಹೀರಾತು ವಿಭಾಗ ಇದೆ, ರೇಟ್ ಇದೆ. ಸುದ್ದಿ ಹಾಗಲ್ಲ. ಅದನ್ನು ಹಾಕುವುದೂ ಬಿಡುವುದೂ ಪತ್ರಿಕೆಯವರ ಇಷ್ಟ. ನಿಮ್ಮ ಕೆಲಸ ಅಂದರೆ ಗ್ರಾಹಕರ ಬಳಿ ಇರುವ ನಿಜವಾದ ಸುದ್ದಿಯನ್ನು ಹುಡುಕುವುದು, ಅದನ್ನು ನೇರವಾಗಿ ಬರೆಯುವುದು, ಸರಿಯಾದ ವರದಿಗಾರರಿಗೆ ಸರಿಯಾದ ಹೊತ್ತಿಗೆ ತಲುಪಿಸುವುದು, ಆಮೇಲೆ ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಡಲು ಸಿಗುವುದು. ಇಷ್ಟನ್ನು ಮೊದಲ ಭೇಟಿಯಲ್ಲೇ ಗ್ರಾಹಕರಿಗೆ ಬಿಡಿಸಿ ಹೇಳಿ.

ಕನ್ನಡ ಸಿನಿಮಾದಲ್ಲಿ ಈ ಕೆಲಸ ಮಾಡುವವರಿಗೆ ಪಿಆರ್‌ಒ, ಅಂದರೆ ಸಾರ್ವಜನಿಕ ಸಂಪರ್ಕಾಧಿಕಾರಿ ಅಂತಾರೆ. ಡಿ.ವಿ. ಸುಧೀಂದ್ರ ಅವರು 1976ರಲ್ಲಿ ಕಟ್ಟಿದ ರಾಘವೇಂದ್ರ ಚಿತ್ರವಾಣಿಯಿಂದ ಗಾಂಧಿನಗರದಲ್ಲಿ ಅದೊಂದು ಗೌರವದ ವೃತ್ತಿಯಾಯಿತು. ಕೊಡಗಿನಲ್ಲಿ ಇನ್ನೂ ಸುಮಾರು ಜನ ಇದನ್ನು ಕೆಲಸ ಅಂತಲೇ ಎಣಿಸುವುದಿಲ್ಲ. ಪರಿಚಯದವರಿಗೆ ಒಂದು ಫೋನ್ ಮಾಡಿದರೆ ಆಯಿತು ಅಂದುಕೊಂಡಿದ್ದಾರೆ. ಜಿಲ್ಲೆ ಚಿಕ್ಕದು, ಪತ್ರಕರ್ತರು ಎಲ್ಲರಿಗೂ ಗೊತ್ತಿರುವವರೇ, ಮದುವೆ ಮನೆಯಲ್ಲಿ ಒಟ್ಟಿಗೆ ಊಟ ಮಾಡುವವರೇ. ಆದ್ದರಿಂದಲೇ ಇಲ್ಲಿ ಜಾಸ್ತಿ ಎಚ್ಚರ ಬೇಕು. ಬೆಂಗಳೂರಿನಲ್ಲಿ ಒಂದು ಪತ್ರಿಕೆಗೆ ಸುಳ್ಳು ಹೇಳಿದವರು ಇನ್ನೊಂದು ಪತ್ರಿಕೆಯ ಹತ್ತಿರ ಹೋಗಬಹುದು. ಇಲ್ಲಿ ನೀವು ಒಮ್ಮೆ ತಪ್ಪು ಲೆಕ್ಕ ಕೊಟ್ಟಿರಿ ಅಂತಾದರೆ ಸಂಜೆಯೊಳಗೆ ಸೋಮವಾರಪೇಟೆಯಿಂದ ಕುಟ್ಟದವರೆಗೆ ಎಲ್ಲ ವರದಿಗಾರರಿಗೂ ಗೊತ್ತಾಗಿರುತ್ತದೆ.

ಈಗ ಕೆಲಸಕ್ಕೆ ಬರೋಣ. ಗ್ರಾಹಕರ ಜೊತೆ ಕೂತು ಮಾತಾಡಿಸಿ. "ನಮ್ಮ ಕಾಫಿ ತುಂಬಾ ಚೆನ್ನಾಗಿದೆ" ಅನ್ನುವುದು ಸುದ್ದಿಯಲ್ಲ, ಎಲ್ಲರೂ ಹಾಗೇ ಹೇಳುತ್ತಾರೆ. ತೋಟಕ್ಕೆ ಹೋಗಿ ನೋಡಿ, ಕೇಳಿ. ಹಳೆಯ ಕಿತ್ತಳೆ ಗಿಡಗಳನ್ನು ಕಡಿಯದೆ ಉಳಿಸಿಕೊಂಡಿದ್ದಾರಾ? ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಕೆ, ಅಂದರೆ ಈ ಊರಿನದೇ ಬೆಳೆ ಅನ್ನುವ ಜಿಐ ಗುರುತು ಇದೆ, ಹಾಗಿದ್ದೂ ತೋಟಗಳಲ್ಲಿ ಅದು ಕಡಿಮೆಯಾಗುತ್ತಾ ಬಂದಿದೆ, ಹಾಗಾಗಿ ಅದು ಸುದ್ದಿ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಅದೇ ಗುರುತು ಸಿಕ್ಕಿತು. ನಿಮ್ಮ ಗ್ರಾಹಕರು ಅದನ್ನು ಬಳಸಲು ನೋಂದಣಿ ಮಾಡಿಸಿದ್ದಾರಾ, ಇಲ್ಲಾ ಸುಮ್ನೆ ಪ್ಯಾಕೆಟ್ ಮೇಲೆ ಹಾಕಿಕೊಂಡಿದ್ದಾರಾ? ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ ಕೇಳಿ ನೋಡಿ. ಇಲ್ಲ ಅಂದರೆ ಅದನ್ನು ಮೊದಲು ಮಾಡಿಸಿಕೊಳ್ಳಿ, ಪ್ರಚಾರ ಆಮೇಲೆ ಅಂತ ಹೇಳಿಬಿಡಿ. ವರದಿಗಾರರು ಕೇಳುವ ಮೊದಲು ನೀವೇ ಕೇಳಬೇಕು.

ಇನ್ನು ಪತ್ರಿಕಾ ಪ್ರಕಟಣೆ, ಅಂದರೆ ಪ್ರೆಸ್ ನೋಟ್. ಹೆಚ್ಚಿನವು ಓದದೆ ಹೋಗುವುದು ಮೊದಲ ಸಾಲಿನಿಂದಲೇ. "ಪ್ರಕೃತಿಯ ಮಡಿಲಲ್ಲಿ ನೆಲೆಸಿರುವ ದಕ್ಷಿಣದ ಕಾಶ್ಮೀರ" ಅಂತ ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. ಹೀಗೆ ಬರೆಯಿರಿ: "ವಿರಾಜಪೇಟೆ: ರೋಬಸ್ಟಾ ಕಾಫಿಯನ್ನು ಮನೆಯಲ್ಲೇ ಹದವಾಗಿ ಹುರಿಯುವುದನ್ನು ಸಣ್ಣ ಬೆಳೆಗಾರರಿಗೆ ಹೇಳಿಕೊಡುವ ಶಿಬಿರ ಮೇ 10ರಂದು ಬೆಳಿಗ್ಗೆ 10 ಗಂಟೆಗೆ ನಡೆಯಲಿದೆ. ಪ್ರವೇಶ ಉಚಿತ." ಯಾರಿಗೆ, ಏನು, ಎಲ್ಲಿ, ಯಾವಾಗ, ಎಷ್ಟು ದುಡ್ಡು ಎಲ್ಲವೂ ಎರಡು ವಾಕ್ಯದಲ್ಲಿ ಬಂತು. ನಡೆಸುವವರ ಹೆಸರು ಮೂರನೆಯ ವಾಕ್ಯಕ್ಕೆ ಬರಲಿ, ಅವರಿಗೆ ಬೇಜಾರಾದರೂ ಪರವಾಗಿಲ್ಲ. ಒಂದು ಪುಟ ದಾಟಬೇಡಿ.

ಪಿಡಿಎಫ್ ಮಾಡಿ ಕಳಿಸಬೇಡಿ. ಅದರಿಂದ ಕನ್ನಡ ಅಕ್ಷರ ಕಾಪಿ ಮಾಡಿದರೆ ಒತ್ತು, ದೀರ್ಘ ಎಲ್ಲ ಕಲಸಿಹೋಗುತ್ತವೆ, ವರದಿಗಾರರು ಪೂರ್ತಿ ಮತ್ತೆ ಟೈಪ್ ಮಾಡಬೇಕು. ಯೂನಿಕೋಡ್‌ನಲ್ಲಿ ಬರೆದು ಇಮೇಲ್‌ನ ಒಳಗೇ ಹಾಕಿ, ವಾಟ್ಸಾಪ್‌ಗೂ ಅದೇ ಪಠ್ಯ ಕಳಿಸಿ. ಫೋಟೊ ಬೇರೆಯಾಗಿ, ವಾಟ್ಸಾಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿಹೋಗಿ ಅಚ್ಚಿಗೆ ಬರುವುದಿಲ್ಲ.

ಹೆಸರುಗಳ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಕೊಡವರ ಹೆಸರು ಮನೆ ಹೆಸರಿನಿಂದ ಶುರುವಾಗುತ್ತದೆ. ಅದನ್ನು ಇಂಗ್ಲಿಷ್‌ನಲ್ಲಿ ಕಳಿಸಿದರೆ ದೂರದ ಊರಿನ ಡೆಸ್ಕ್‌ನಲ್ಲಿ ಕೂತವರು ತಮಗೆ ತೋಚಿದ ಹಾಗೆ ಕನ್ನಡಕ್ಕೆ ತರುತ್ತಾರೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರು ಮಾಡಿದ ಕೌಟುಂಬಿಕ ಹಾಕಿ ಹಬ್ಬ ಪ್ರತಿ ವರ್ಷ ಆತಿಥ್ಯ ವಹಿಸುವ ಒಕ್ಕದ, ಅಂದರೆ ಕೊಡವ ಮನೆತನದ ಹೆಸರಿನಲ್ಲೇ ನಡೆಯುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದವು. ಅಷ್ಟೂ ಮನೆ ಹೆಸರು ಸರಿಯಾಗಿ ಬರಬೇಕು ಅಂದರೆ ಪಂದ್ಯ ಶುರುವಾಗುವ ಮೊದಲೇ ಆಯಾ ಕುಟುಂಬದವರಿಂದ ಕನ್ನಡದಲ್ಲಿ ಬರೆಸಿಕೊಂಡ ಪಟ್ಟಿ ಒಂದಿರಬೇಕು. ಫೋಟೊದಲ್ಲಿ ನಿಂತವರ ಹೆಸರೂ ಅಷ್ಟೇ. ಎಡದಿಂದ ಬಲಕ್ಕೆ, ಅಲ್ಲೇ, ಆಗಲೇ ಬರೆದುಕೊಳ್ಳಿ.

ಯಾವಾಗ ಕಳಿಸಬೇಕು? ಕಾಫಿ ಕೊಯ್ಲಿನ ಹೊತ್ತಿನಲ್ಲಿ, ಅಂದರೆ ನವೆಂಬರ್‌ನಿಂದ ಫೆಬ್ರವರಿ ತನಕ ಬೆಳೆಗಾರರಿಗಾಗಿ ಕಾರ್ಯಕ್ರಮ ಇಟ್ಟರೆ ಕುರ್ಚಿ ಖಾಲಿ. ತುಲಾ ಸಂಕ್ರಮಣದ ದಿನ, ಮಡಿಕೇರಿ ದಸರಾದ ದಶಮಂಟಪಗಳು ಹೊರಡುವ ದಿನ, ಸುಗ್ಗಿ ಹಬ್ಬವಾದ ಪುತ್ತರಿಯ ದಿನ ಜಿಲ್ಲೆಯ ಪುಟಗಳು ಮೊದಲೇ ತುಂಬಿರುತ್ತವೆ. ಹೂಮಳೆ ಬಿದ್ದು ಕಾಫಿ ಹೂ ಅರಳಿ ತೋಟ ಬೆಳ್ಳಗಾದಾಗ ಫೋಟೊ ಕಳಿಸಿದರೆ ಮಾತ್ರ ಬೇಗ ತೆಗೆದುಕೊಳ್ಳುತ್ತಾರೆ, ಆದರೆ ಆ ಹೂವು ಕೆಲವೇ ದಿನ. ಆವತ್ತೇ ಕಳಿಸಬೇಕು.

ಯಾರಿಗೆ ಅನ್ನುವುದೂ ಮುಖ್ಯ. ಗೋಣಿಕೊಪ್ಪದ ಕಾರ್ಯಕ್ರಮವನ್ನು ಗೋಣಿಕೊಪ್ಪದ ವರದಿಗಾರರಿಗೇ ಮೊದಲು ಹೇಳಿ, ಅವರನ್ನು ದಾಟಿ ನೇರ ಮೈಸೂರಿಗೋ ಬೆಂಗಳೂರಿಗೋ ಹೋಗಬೇಡಿ. ಮಡಿಕೇರಿಯಿಂದ 1957ರಿಂದ ಬರುತ್ತಿರುವ 'ಶಕ್ತಿ' ದಿನಪತ್ರಿಕೆಯನ್ನು ಇಲ್ಲಿನವರು ರಾಜ್ಯದ ದೊಡ್ಡ ಪತ್ರಿಕೆಗಳಿಗಿಂತ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಊರಿನ ಜನ ಬರಬೇಕಾದ ಕಾರ್ಯಕ್ರಮಕ್ಕೆ ಅದರಲ್ಲಿ ಬಂದ ನಾಲ್ಕು ಸಾಲೇ ಸಾಕು. ಮಡಿಕೇರಿ ಆಕಾಶವಾಣಿಯನ್ನು, 103.1 ಎಫ್‌ಎಂ, ಮರೆಯಬೇಡಿ. ಕೊಡವ ಭಾಷೆ, ಅರೆಭಾಷೆ ಮಾತಾಡುವ ಹಿರಿಯರು ಗ್ರಾಹಕರ ಕಡೆ ಇದ್ದರೆ ಅವರಿಂದಲೇ ಮಾತಾಡಿಸಿ. ರೇಡಿಯೊದವರಿಗೆ ವಾರಗಳ ಮುಂಚೆ ತಿಳಿಸಬೇಕು.

ಪತ್ರಿಕಾಗೋಷ್ಠಿ ಪ್ರತಿಯೊಂದಕ್ಕೂ ಬೇಡ. ಪ್ರಶ್ನೆ ಕೇಳುವಂಥ ವಿಷಯ ಇದ್ದರೆ ಮಾತ್ರ ಕರೆಯಿರಿ, ಬೆಳಿಗ್ಗೆಯೇ ಇಡಿ. ಬರೀ ಆಹ್ವಾನ ಪತ್ರಿಕೆ ತೋರಿಸಲು ಹತ್ತಾರು ಜನರನ್ನು ಕೂರಿಸುವುದು ಅವರ ಸಮಯಕ್ಕೆ ಮಾಡುವ ಅವಮಾನ. ಪತ್ರಕರ್ತರಿಗೆ ದುಡ್ಡಿನ ಕವರ್, ಗಿಫ್ಟ್ ಅಂತೂ ಬೇಡವೇ ಬೇಡ. ರೀಲ್ಸ್ ಮಾಡುವವರನ್ನು ದುಡ್ಡು ಕೊಟ್ಟೋ ಉಚಿತವಾಗಿ ಉಳಿಸಿಕೊಂಡೋ ಕರೆಸಿದರೆ ಅದು ಜಾಹೀರಾತು ಅಂತ ಅವರು ಎದ್ದು ಕಾಣುವ ಹಾಗೆ ಹಾಕಬೇಕು. ಜಾಹೀರಾತು ಮಾನದಂಡ ಮಂಡಳಿಯ ಈ ನಿಯಮ 2021ರಿಂದ ಇದೆ.

ಕೆಲವು ಫೋಟೊಗಳನ್ನು ಗ್ರಾಹಕರು ಎಷ್ಟೇ ಕೇಳಿದರೂ ಕಳಿಸಬೇಡಿ. ಮಳೆಗಾಲದಲ್ಲಿ ಜಲಪಾತದ ಬಂಡೆಯ ಮೇಲೆ ನಿಂತವರ ಫೋಟೊ ಅಂಥದ್ದು. ಅದನ್ನು ನೋಡಿ ಬಂದವರು ಅದೇ ಬಂಡೆಗೆ ಹತ್ತುತ್ತಾರೆ. ಹೋಟೆಲ್ ಸಿಬ್ಬಂದಿಗೆ ಕೊಡವರ ನಿಲುವಂಗಿ ಕುಪ್ಯ ತೊಡಿಸಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ ಬಾಗಿಲಲ್ಲಿ ನಿಲ್ಲಿಸುವುದೂ ಬೇಡ. ಅದು ಮದುವೆಗೆ, ಹಬ್ಬಕ್ಕೆ, ಸಾವಿಗೆ ತೊಡುವ ಉಡುಪು. ಇಲ್ಲಿನವರಿಗೆ ಅದು ನಿಜವಾಗಿ ನೋವು ಕೊಡುತ್ತದೆ.

ಕೆಟ್ಟ ಸುದ್ದಿ ಬಂದಾಗ ಏನು ಮಾಡುತ್ತೀರಿ ಅನ್ನುವುದರಲ್ಲೇ ನಿಮ್ಮ ಬೆಲೆ ಗೊತ್ತಾಗುವುದು. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ಸೇತುವೆಯಿಂದ ರೈಲು ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಆ ಕಾಲದ ರೈಲ್ವೆ ಕಂಪನಿಗಳು ಇಂಥದ್ದನ್ನು ಮುಚ್ಚಿಡುತ್ತಿದ್ದವು. ಐವಿ ಲೀ ಎಂಬ ಪ್ರಚಾರಕ ಹೇಳಿಕೆಯನ್ನು ತಾನೇ ಬರೆದು ಹಂಚಿದ, ವರದಿಗಾರರನ್ನು ಸ್ಥಳಕ್ಕೇ ಕರೆದುಕೊಂಡು ಹೋಗುವ ವ್ಯವಸ್ಥೆ ಮಾಡಿದ. ಮೊದಲ ಪತ್ರಿಕಾ ಪ್ರಕಟಣೆ ಅಂತ ಬಹಳ ಜನ ಹೇಳುವುದು ಅದನ್ನೇ. ನಮಗೆ ಅಂಥ ಹೊತ್ತು ಬಂದದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಕಡೆ ಗುಡ್ಡ ಕುಸಿಯಿತು. ಹೊರಗಿನವರಿಗೆ ಇಡೀ ಕೊಡಗೇ ಕೊಚ್ಚಿಹೋಯಿತು ಅನ್ನಿಸಿಬಿಟ್ಟಿತು. ಅಂಥ ಹೊತ್ತಿನಲ್ಲಿ "ಏನೂ ಆಗಿಲ್ಲ, ಬನ್ನಿ" ಅನ್ನುವುದೂ ತಪ್ಪು, ಬಾಯಿ ಮುಚ್ಚಿಕೊಂಡು ಕೂರುವುದೂ ತಪ್ಪು. ಯಾವ ರಸ್ತೆ ಮುಚ್ಚಿದೆ, ಯಾವುದು ತೆರೆದಿದೆ, ಜಿಲ್ಲಾಡಳಿತ ಯಾವ ದಿನ ಏನು ಆದೇಶ ಮಾಡಿದೆ, ನಿಮ್ಮ ಹೋಂಸ್ಟೇ ಅಲ್ಲಿಂದ ಎಷ್ಟು ಕಿಲೋಮೀಟರ್, ಮುಂಗಡ ಕೊಟ್ಟವರಿಗೆ ದುಡ್ಡು ವಾಪಸ್ ಹೇಗೆ, ಇಷ್ಟನ್ನು ತಾರೀಖು ಹಾಕಿ ಬರೆದು ಕಳಿಸಿ. ಪರಿಸ್ಥಿತಿ ಬದಲಾದರೆ ಮತ್ತೆ ಕಳಿಸಿ. ಜನ ಮನೆ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿ ಮಲಗಿರುವ ವಾರ ರಿಯಾಯಿತಿ ಆಫರ್ ಬಗ್ಗೆ ಪ್ರಕಟಣೆ ಕಳಿಸಲೇಬೇಡಿ. ಗ್ರಾಹಕರು ಒತ್ತಾಯ ಮಾಡಿದರೆ ಆ ಕೆಲಸ ಬಿಟ್ಟುಬಿಡಿ.

ಸಂಭಾವನೆಯನ್ನು ತಿಂಗಳಿಗೋ ಕಾರ್ಯಕ್ರಮಕ್ಕೋ ಮಾತಾಡಿ, ಬರೆದಿಟ್ಟುಕೊಳ್ಳಿ. ಎಷ್ಟು ಪತ್ರಿಕೆಯಲ್ಲಿ ಬಂತು ಅನ್ನುವುದಕ್ಕೆ ಮಾತ್ರ ಅದನ್ನು ಗಂಟು ಹಾಕಬೇಡಿ.

ಸುದ್ದಿಯಲ್ಲಿ ತಪ್ಪು ಬಂದರೆ ಸಂಪಾದಕರಿಗೆ ದೂರು ಹೇಳುವ ಮೊದಲು ವರದಿಗಾರರಿಗೇ ಫೋನ್ ಮಾಡಿ. ತಾರೀಖು, ಹೆಸರು, ಲೆಕ್ಕ ತಪ್ಪಿದ್ದರೆ ತಿದ್ದುಪಡಿ ಕೇಳಿ. ಅವರ ಅಭಿಪ್ರಾಯ ನಿಮಗೆ ಹಿಡಿಸಲಿಲ್ಲ ಅಂದರೆ ಸುಮ್ಮನಿರಿ. ಪ್ರಕಟಣೆ ಕಳಿಸಿದ ಸಂಜೆ ಫೋನ್ ಆನ್ ಇರಲಿ, ಡೆಸ್ಕ್‌ನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಕೈಕೊಡುವ ಊರಿನಲ್ಲಿ ನೀವಿದ್ದರೆ, ಪೇಟೆಯಲ್ಲಿರುವ, ವಿಷಯ ಪೂರ್ತಿ ಗೊತ್ತಿರುವ ಇನ್ನೊಬ್ಬರ ನಂಬರನ್ನು ಅವರ ಒಪ್ಪಿಗೆ ಪಡೆದು ಪ್ರಕಟಣೆಯ ಕೆಳಗೇ ಹಾಕಿ.